ಊರಿಗೆ ಮದ್ಯದಂಗಡಿ ಬರುವ ಮುನ್ನ: ಅಬಕಾರಿ ನಿಯಮ ತಿಳಿದು ತಕರಾರು ಸಲ್ಲಿಸುವ ಮಾರ್ಗದರ್ಶಿ

ಮುಖ್ಯರಸ್ತೆಯ ಖಾಲಿ ಮಳಿಗೆಯೊಂದಕ್ಕೆ ಬಣ್ಣ ಬಳಿಯುತ್ತಿರುತ್ತಾರೆ. ಕೇಳಿದರೆ ಒಬ್ಬರು ಗೊಬ್ಬರದಂಗಡಿ ಎನ್ನುತ್ತಾರೆ, ಇನ್ನೊಬ್ಬರು ಹಾರ್ಡ್‌ವೇರ್ ಎನ್ನುತ್ತಾರೆ. ಒಂದು ಸಂಜೆ ವೆಲ್ಡಿಂಗ್ ಮಾಡುವವರು ಬಂದು ಮುಂಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ಕೂರಿಸಿ, ಅದರಲ್ಲಿ ಕೈ ತೂರುವಷ್ಟು ಕಿಂಡಿ ಬಿಡುತ್ತಾರೆ. ಆ ಕಿಂಡಿ ಕಂಡಾಗಲೇ ಊರಿಗೆ ವಿಷಯ ತಿಳಿಯುವುದು. ಮರುದಿನ ಹೆಂಗಸರು ರಸ್ತೆಗಿಳಿಯುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ತಾಲ್ಲೂಕು ಕಚೇರಿಯಲ್ಲಿ ಮನವಿ ಸ್ವೀಕರಿಸುತ್ತಾರೆ. ಹದಿನೈದು ದಿನ ಕಳೆದ ಮೇಲೆ ಅಂಗಡಿ ತೆರೆಯುತ್ತದೆ.

ಇದನ್ನು ನಾನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕಂಡಿದ್ದೇನೆ. ಧರಣಿ ಕೂತವರ ಸಂಕಟ ಸುಳ್ಳಲ್ಲ. ಆದರೆ ಅವರು ಕೂತದ್ದು ಆದೇಶಕ್ಕೆ ಸಹಿ ಬಿದ್ದ ಮೇಲೆ. ಕರ್ನಾಟಕದಲ್ಲಿ ಮದ್ಯದಂಗಡಿ ಎಲ್ಲಿರಬೇಕು ಎಂಬುದು ಅಬಕಾರಿ ಕಡತದೊಳಗಿನ ಸ್ಥಳ ಪರಿಶೀಲನಾ ವರದಿಯಿಂದ, ಅದರಲ್ಲೂ ಆ ವರದಿಯಲ್ಲಿ ಬರೆದ ಮೀಟರ್ ಲೆಕ್ಕದಿಂದ ತೀರ್ಮಾನವಾಗುತ್ತದೆ. ಆ ಲೆಕ್ಕವನ್ನು ಸಕಾಲದಲ್ಲಿ, ಸರಿಯಾದ ಕಾಗದದ ಮೂಲಕ ಪ್ರಶ್ನಿಸಿದ ಊರುಗಳು ಗೆದ್ದಿವೆ. ಅದನ್ನು ಮಾಡುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಕುಡಿಯುವವರ ಮೇಲೆ ನನಗೆ ದ್ವೇಷವಿಲ್ಲ. ನಿಯಮ ಇರುವ ಕಡೆ ಅದು ನಡೆಯಬೇಕು ಎಂಬುದಷ್ಟೇ ನನ್ನ ಹಟ.

ಹಂತ 1: ಅಧಿಕಾರ ಯಾರ ಕೈಯಲ್ಲಿದೆ ಎಂದು ಮೊದಲು ತಿಳಿಯಿರಿ

ಮದ್ಯ ರಾಜ್ಯದ ವಿಷಯ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೆಯ ನಮೂದು ಮದ್ಯದ ಉತ್ಪಾದನೆ ಮತ್ತು ಮಾರಾಟವನ್ನೂ 51ನೆಯದು ಅದರ ಮೇಲಿನ ಸುಂಕವನ್ನೂ ರಾಜ್ಯಕ್ಕೆ ಒಪ್ಪಿಸಿವೆ. ನಮ್ಮಲ್ಲಿ ಮೂಲ ಕಾನೂನು ಕರ್ನಾಟಕ ಅಬಕಾರಿ ಕಾಯ್ದೆ, 1965. ಅದರ ಅಡಿಯಲ್ಲಿ ನೀವು ಕೈಯಲ್ಲಿ ಹಿಡಿದಿರಬೇಕಾದ ನಿಯಮಾವಳಿಗಳು ಎರಡು: 1967ರ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳು, ಮತ್ತು 1968ರ ಭಾರತೀಯ ಮತ್ತು ವಿದೇಶಿ ಮದ್ಯಗಳ ಮಾರಾಟ ನಿಯಮಗಳು. ಮೊದಲನೆಯದು ಅಂಗಡಿ ಎಲ್ಲಿರಬಾರದು, ಹೇಗೆ ನಡೆಯಬೇಕು ಎನ್ನುತ್ತದೆ. ಎರಡನೆಯದು ಸನ್ನದಿನ, ಅಂದರೆ ಮದ್ಯ ಮಾರುವ ಪರವಾನಗಿಯ, ಬಗೆಗಳನ್ನು ಹೇಳುತ್ತದೆ.

ಅರ್ಜಿಯ ಕಡತ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿರುತ್ತದೆ. ಸ್ಥಳ ನೋಡಿ ವರದಿ ಕೊಡುವವರು ವಲಯದ ಅಬಕಾರಿ ನಿರೀಕ್ಷಕರು. ಜಿಲ್ಲಾ ಮಟ್ಟದಲ್ಲಿ ತೀರ್ಮಾನ ಜಿಲ್ಲಾಧಿಕಾರಿಯವರದು, ಅವರ ಮೇಲೆ ಅಬಕಾರಿ ಆಯುಕ್ತರು.

ಗ್ರಾಮ ಪಂಚಾಯಿತಿ ಎಲ್ಲಿ ಬಂತು ಎಂದು ಕೇಳುತ್ತೀರಿ. ಇಲ್ಲೇ ಬಹಳ ಜನ ದಾರಿ ತಪ್ಪುವುದು. ಮಹಾರಾಷ್ಟ್ರದಲ್ಲಿ ಒಂದು ಊರಿನ ಮಹಿಳೆಯರು ಮತ ಹಾಕಿ ಅಂಗಡಿ ಮುಚ್ಚಿಸುವ ವ್ಯವಸ್ಥೆ ಇದೆ. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ ಎಂಬ ಎರಡು ಚಿಹ್ನೆ. ಮಲಗಿದ ಬಾಟಲಿಗೆ ಬಹುಮತ ಬಂದರೆ ಅಂಗಡಿಗೆ ಬೀಗ. ಕರ್ನಾಟಕದಲ್ಲಿ ಅಂಥ ಮತದಾನ ಇಲ್ಲ. ಅಂಥ ಅಧಿಕಾರ ಗ್ರಾಮಸಭೆಗೂ ಬೇಕೆಂಬುದು ಮದ್ಯ ನಿಷೇಧ ಆಂದೋಲನದ ಮಹಿಳೆಯರ ಬಹುಕಾಲದ ಬೇಡಿಕೆ. ಆ ಆಂದೋಲನದ ಮಹಿಳೆಯರೇ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ನನಗೂ ಅದು ನ್ಯಾಯವಾದ ಬೇಡಿಕೆ ಎನಿಸುತ್ತದೆ. ಸದ್ಯಕ್ಕೆ ಪಂಚಾಯಿತಿಯ ಠರಾವು ಅಬಕಾರಿ ಇಲಾಖೆಯ ಕೈ ಕಟ್ಟುವುದಿಲ್ಲ. ಅದು ಸಾಕ್ಷ್ಯವಾಗಿ ಕೆಲಸ ಮಾಡುತ್ತದೆ. ಹಾಗೆಂದು ಪಂಚಾಯಿತಿಗೆ ಏನೂ ಇಲ್ಲ ಎಂದಲ್ಲ; ಕಟ್ಟಡದ ಅನುಮತಿ, ಖಾತೆ ಅದರ ಬಳಿಯೇ ಇವೆ. ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ಹಂತ 2: ಬರುತ್ತಿರುವುದು ಯಾವ ಸನ್ನದು?

ಜನ ಎಲ್ಲವನ್ನೂ 'ಬಾರು' ಅಥವಾ 'ವೈನ್ ಶಾಪು' ಎನ್ನುತ್ತಾರೆ. ಅರ್ಜಿಯಲ್ಲಿ ಹಾಗೆ ಬರೆದರೆ ಕಚೇರಿಯಲ್ಲಿ ಅದನ್ನು ಯಾವ ಕಡತಕ್ಕೆ ಸೇರಿಸಬೇಕೆಂದೇ ತಿಳಿಯುವುದಿಲ್ಲ. ಸಿಎಲ್-2 ಎಂದರೆ ಮುಚ್ಚಿದ ಬಾಟಲಿ ಮಾರುವ ಚಿಲ್ಲರೆ ಅಂಗಡಿ, ಅಂದರೆ ಎಂಆರ್‌ಪಿ ಅಂಗಡಿ. ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-9 ಎಂದರೆ ಬಾರ್ ಅಂಡ್ ರೆಸ್ಟೋರೆಂಟ್. ಅಲ್ಲಿ ಊಟದ ಜತೆ ಕುಡಿಯಬಹುದು, ಪಾರ್ಸೆಲ್ ಒಯ್ಯುವಂತಿಲ್ಲ. ಸಿಎಲ್-7 ವಸತಿಗೃಹಕ್ಕೆ, ಸಿಎಲ್-6ಎ ತಾರಾ ಹೋಟೆಲಿಗೆ, ಸಿಎಲ್-4 ಕ್ಲಬ್ಬಿಗೆ ಕೊಡುವ ಸನ್ನದುಗಳು. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳದ್ದು ಸಿಎಲ್-11ಸಿ. ಮದುವೆ, ಸಮಾರಂಭದಲ್ಲಿ ಮದ್ಯ ಕೊಡಬೇಕೆಂದರೆ ಒಂದೆರಡು ದಿನಕ್ಕೆ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಪಡೆಯಬೇಕು.

ಇದರಲ್ಲಿ ಗಮನಿಸಬೇಕಾದ ಒಂದು ಗುಟ್ಟಿದೆ. 1992ರ ಈಚೆಗೆ ರಾಜ್ಯದಲ್ಲಿ ಸಿಎಲ್-2 ಮತ್ತು ಸಿಎಲ್-9 ಸನ್ನದುಗಳನ್ನು ಸಾಮಾನ್ಯವಾಗಿ ಹೊಸದಾಗಿ ಕೊಟ್ಟಿಲ್ಲ. ಉಳಿದುಹೋದ ಸನ್ನದುಗಳನ್ನು ಇ-ಹರಾಜು ಹಾಕುವ ಮಾತು ಬಂದದ್ದು 2025-26ರ ಬಜೆಟ್‌ನಲ್ಲಿ. ಹಾಗಾಗಿ ನಿಮ್ಮೂರಿಗೆ ಬರುತ್ತಿರುವ 'ಹೊಸ' ಅಂಗಡಿ ಬಹುಮಟ್ಟಿಗೆ ಬೇರೊಂದು ಊರಿನಲ್ಲಿ ಇದ್ದ ಹಳೆಯ ಸನ್ನದಿನ ಸ್ಥಳಾಂತರ, ಇಲ್ಲವೇ ಹೊಸ ಸಿಎಲ್-7, ಇಲ್ಲವೇ ಎಂಎಸ್‌ಐಎಲ್ ಮಳಿಗೆ. ಸ್ಥಳಾಂತರವಾದರೆ ಹಿಂದಿನ ಜಾಗವನ್ನು ಯಾಕೆ ಬಿಟ್ಟರು ಎಂದು ವಿಚಾರಿಸಿ. ಅಲ್ಲಿಯೂ ಜನ ತಕರಾರು ಎತ್ತಿದ್ದರೆ ಆ ಕಾಗದಗಳು ನಿಮಗೂ ಬೇಕು. ಸಿಎಲ್-7 ಆದರೆ ಆ ಕಟ್ಟಡದಲ್ಲಿ ತಂಗುವ ಕೊಠಡಿಗಳು ನಿಜವಾಗಿ ಇವೆಯೇ ನೋಡಿ. ಕೊಠಡಿ ಎಂದು ನಕ್ಷೆಯಲ್ಲಿ ತೋರಿಸಿದ ಕಡೆ ಬಾಟಲಿಯ ಪೆಟ್ಟಿಗೆ ಪೇರಿಸಿದ್ದನ್ನು ನಾನು ಕಂಡಿದ್ದೇನೆ.

ಹಂತ 3: ಕಡತವನ್ನು ಹೊರಗೆ ತನ್ನಿ

ಊರಿನವರ ಮನೆ ಬಾಗಿಲಿಗೆ ನೋಟಿಸು ಬಂದೀತು ಎಂದು ಕಾಯಬೇಡಿ. ಬಣ್ಣ ಬಳಿಯುವ ದಿನವೇ ಅಬಕಾರಿ ಉಪ ಆಯುಕ್ತರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಊರಿನ ಕಷ್ಟವನ್ನೆಲ್ಲ ಅಲ್ಲಿ ಬರೆಯಲು ಹೋಗಬೇಡಿ. ಹೀಗೆ ಕೇಳಿದರೆ ಸಾಕು:

"ಇಂಥ ಗ್ರಾಮದ ಇಂಥ ಸರ್ವೆ ನಂಬರ್ ಅಥವಾ ಆಸ್ತಿ ಸಂಖ್ಯೆಯ ಕಟ್ಟಡಕ್ಕೆ ಸಂಬಂಧಿಸಿದ ಸನ್ನದು ಅರ್ಜಿ ಅಥವಾ ಸ್ಥಳಾಂತರ ಅರ್ಜಿ, ಅದರೊಂದಿಗೆ ಲಗತ್ತಿಸಿದ ನಕ್ಷೆ, ಸ್ಥಳ ಪರಿಶೀಲನಾ ವರದಿ, ಮಹಜರು, ಸ್ಥಳೀಯ ಸಂಸ್ಥೆಯ ಪತ್ರಗಳು ಹಾಗೂ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿಗಳನ್ನು ಕೊಡಿ."

ಉತ್ತರಕ್ಕೆ 30 ದಿನ ಅವಕಾಶವಿದೆ. ಅಷ್ಟರೊಳಗೆ ಆದೇಶ ಆಗಿಬಿಟ್ಟರೆ ಎಂಬ ಭಯ ಸಹಜ. ಅದಕ್ಕೇ ಅದೇ ದಿನ ಮೂರು ಸಾಲಿನ ಇನ್ನೊಂದು ಪತ್ರವನ್ನು ಜಿಲ್ಲಾಧಿಕಾರಿ ಮತ್ತು ಅಬಕಾರಿ ಉಪ ಆಯುಕ್ತರಿಗೆ ಕೊಡಿ: 'ಈ ಸ್ಥಳದ ಬಗ್ಗೆ ನಮ್ಮ ಆಕ್ಷೇಪಣೆ ಇದೆ, ವಿವರವಾದ ತಕರಾರು ಸಲ್ಲಿಸುತ್ತಿದ್ದೇವೆ, ನಮ್ಮನ್ನು ಆಲಿಸದೆ ಆದೇಶ ಮಾಡಬಾರದು.' ಮುದ್ದಾಂ ಕೊಟ್ಟು, ಟಪಾಲು ವಿಭಾಗದ ಮೊಹರು ಮತ್ತು ದಿನಾಂಕ ಬಿದ್ದ ಪ್ರತಿಯನ್ನು ಇಟ್ಟುಕೊಳ್ಳಿ. ಮುಂದೆ ಯಾರಾದರೂ 'ಯಾವ ಆಕ್ಷೇಪಣೆಯೂ ಬಂದಿರಲಿಲ್ಲ' ಎಂದರೆ ಆ ಮೊಹರನ್ನು ತೋರಿಸಬಹುದು.

ಹಂತ 4: ಟೇಪು ಹಿಡಿದು ಅಳೆಯಿರಿ

ಇಡೀ ಕೆಲಸದ ತಿರುಳು ಇದೇ. 1967ರ ಸಾಮಾನ್ಯ ಷರತ್ತುಗಳ 5ನೆಯ ನಿಯಮದ ಪ್ರಕಾರ ಧಾರ್ಮಿಕ ಸಂಸ್ಥೆ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ರಾಜ್ಯ ಸರ್ಕಾರದ, ಕೇಂದ್ರ ಸರ್ಕಾರದ ಅಥವಾ ಸ್ಥಳೀಯ ಪ್ರಾಧಿಕಾರದ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡುವಂತಿಲ್ಲ. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರೇ ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಕೊಡುವಂತಿಲ್ಲ.

ಜನ ಸಾಮಾನ್ಯವಾಗಿ ಶಾಲೆ ಮತ್ತು ಗುಡಿಯನ್ನಷ್ಟೇ ಹೇಳುತ್ತಾರೆ. ನಿಯಮವನ್ನು ಇನ್ನೊಮ್ಮೆ ಓದಿ. ಗ್ರಾಮ ಪಂಚಾಯಿತಿ ಕಚೇರಿಯೇ ಸ್ಥಳೀಯ ಪ್ರಾಧಿಕಾರದ ಕಚೇರಿ. ಅಂಚೆ ಕಚೇರಿ ಕೇಂದ್ರ ಸರ್ಕಾರದ್ದು. ನಾಡಕಚೇರಿ, ರೈತ ಸಂಪರ್ಕ ಕೇಂದ್ರ ರಾಜ್ಯ ಸರ್ಕಾರದವು. ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ. ಸುತ್ತಲೂ ಒಂದು ಸುತ್ತು ಹಾಕಿ ಇಂಥವನ್ನೆಲ್ಲ ಪಟ್ಟಿ ಮಾಡಿ. ಶಾಲೆಯ ಅಳತೆಯಲ್ಲಿ ಸೋತ ಊರು ಅಂಚೆ ಕಚೇರಿಯ ಅಳತೆಯಲ್ಲಿ ಗೆಲ್ಲಬಹುದು. ಅಂಗನವಾಡಿ ಶಿಕ್ಷಣ ಸಂಸ್ಥೆ ಹೌದೋ ಅಲ್ಲವೋ ಎಂದು ವಾದ ಬರುತ್ತದೆ. ಅದನ್ನೂ ಸೇರಿಸಿ, ಆದರೆ ಅದೊಂದನ್ನೇ ನಂಬಬೇಡಿ.

ಇನ್ನು ಅಳೆಯುವ ಕ್ರಮ. ಕಾಗೆ ಹಾರಿದಂತೆ ನೇರ ಗೆರೆ ಎಳೆಯುವುದಲ್ಲ. ಅಂಗಡಿಯ ಪ್ರವೇಶದ್ವಾರದ ನಡುಬಿಂದುವಿನಿಂದ ಹೊರಟು, ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಅತಿ ಹತ್ತಿರದ ದಾರಿಯಲ್ಲಿ ಹೋಗಿ, ಸಂಸ್ಥೆಯ ಹತ್ತಿರದ ಗೇಟಿನ ನಡುಬಿಂದು ಮುಟ್ಟಬೇಕು. ಕಾಂಪೌಂಡು ಇದ್ದರೆ ಕಾಂಪೌಂಡಿನ ಗೇಟು, ಇಲ್ಲದಿದ್ದರೆ ಕಟ್ಟಡದ ಬಾಗಿಲು. ಶಾಲೆಯ ಗೇಟಿನವರೆಗೆ ಅಳೆಯುವ ಬದಲು ತರಗತಿಯ ಬಾಗಿಲಿನವರೆಗೆ ಟೇಪು ಎಳೆದು 'ನೂರು ದಾಟಿತು' ಎಂದು ಬರೆದ ವರದಿಗಳಿವೆ.

ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ನಾವು ಅಳೆದದ್ದನ್ನು ಹೇಳುತ್ತೇನೆ. ಕಡತದಲ್ಲಿದ್ದ ವರದಿ ಅಂಗಡಿಯಿಂದ ಪ್ರೌಢಶಾಲೆಗೆ 112 ಮೀಟರ್ ಎಂದಿತ್ತು. ಅಧಿಕಾರಿಗಳು ಮರುಪರಿಶೀಲನೆಗೆ ಬಂದಾಗ ಡಾಂಬರು ರಸ್ತೆಯ ಮೇಲೆಯೇ ಟೇಪು ಹಾಸತೊಡಗಿದರು. ರಸ್ತೆ ಅರಳಿಕಟ್ಟೆಯನ್ನು ಸುತ್ತಿಕೊಂಡು ಹೋಗುತ್ತದೆ. ಬೀಡಿ ಕಟ್ಟುವ ಒಬ್ಬ ಅಜ್ಜಿ ಗುಂಪಿನಿಂದ ಮುಂದೆ ಬಂದು, "ಸಾಹೇಬರೇ, ಅದು ನಿಮ್ಮ ಜೀಪು ಬಂದ ದಾರಿ. ನಮ್ಮ ಹುಡುಗರು ನಡೆಯುವ ದಾರಿ ಈಚೆಗಿದೆ" ಎಂದು ಕಟ್ಟೆಯ ಎಡಕ್ಕೆ, ಗಿರಣಿಯ ಗೋಡೆಯ ಪಕ್ಕದ ಕಾಲುದಾರಿಗೆ ಕರೆದೊಯ್ದಳು. ಹುಲ್ಲು ಸವೆದು ನೆಲ ಗಟ್ಟಿಯಾಗಿತ್ತು, ಎರಡು ಕಡೆ ಪಂಚಾಯಿತಿಯೇ ಹಾಕಿಸಿದ ಕಲ್ಲು ಹಾಸು ಇತ್ತು. ಆ ದಾರಿಯಲ್ಲಿ ಟೇಪು 86 ಮೀಟರಿಗೆ ಶಾಲೆಯ ಗೇಟು ಮುಟ್ಟಿತು. ಕಲ್ಲು ಹಾಸಿದ ಕಾಮಗಾರಿಯ ಬಿಲ್ಲನ್ನು ಪಂಚಾಯಿತಿಯಿಂದ ಪಡೆದು ತಕರಾರಿಗೆ ಲಗತ್ತಿಸಿದೆವು. ಅದು ಸಾರ್ವಜನಿಕ ದಾರಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿರಲಿಲ್ಲ. ಆ ಜಾಗಕ್ಕೆ ಸನ್ನದು ಸಿಗಲಿಲ್ಲ.

ಅಳೆಯುವ ದಿನ ಲೋಹದ ಅಥವಾ ಫೈಬರ್ ಟೇಪು ತನ್ನಿ, ಬಟ್ಟೆಯ ಟೇಪು ಹಿಗ್ಗುತ್ತದೆ. ಮೊಬೈಲ್ ನಕ್ಷೆಯ ದೂರವನ್ನು ನಂಬಬೇಡಿ. ಪ್ರತಿ ಹತ್ತು ಮೀಟರಿಗೆ ಸುಣ್ಣದ ಗುರುತು ಹಾಕಿ ವಿಡಿಯೊ ಮಾಡಿ. ಕೈಯಲ್ಲೇ ಒಂದು ನಕ್ಷೆ ಬರೆದು, ಚೆಕ್ಕುಬಂದಿ ನಮೂದಿಸಿ, ಅಳೆದವರು ಮತ್ತು ನೋಡಿದವರು ಐದಾರು ಮಂದಿ ಸಹಿ ಮಾಡಿ. ಸಾಧ್ಯವಾದರೆ ಪರವಾನಗಿ ಪಡೆದ ಭೂಮಾಪಕರಿಂದ ಸ್ಕೆಚ್ ಮಾಡಿಸಿ. ಖರ್ಚಾದರೂ ಅದಕ್ಕೆ ತೂಕವಿದೆ.

ಒಂದು ಎಚ್ಚರಿಕೆ. ಅಳತೆ ಕಡಿಮೆ ಬಂದಾಗ ಕೆಲವರು ಅಂಗಡಿಯ ಮುಂಬಾಗಿಲು ಮುಚ್ಚಿ ಹಿಂದಿನ ಓಣಿಗೆ ಬಾಗಿಲು ಇಡುತ್ತಾರೆ. ಹದಿನೈದು ಮೀಟರ್ ಅಲ್ಲಿ ಹೆಚ್ಚುತ್ತದೆ. ಹಾಗಾಗಿ ಮುಂಬಾಗಿಲ ಫೋಟೊವನ್ನು ಮೊದಲ ದಿನವೇ ತೆಗೆದಿಡಿ. ಕಡತದ ನಕ್ಷೆಯಲ್ಲಿ ತೋರಿಸಿದ ಬಾಗಿಲೂ ನಿಜವಾಗಿ ಬಳಸುವ ಬಾಗಿಲೂ ಒಂದೇ ಅಲ್ಲದಿದ್ದರೆ ಅದೇ ಒಂದು ತಕರಾರು.

ಹೆದ್ದಾರಿಯ ಬದಿಯ ಅಂಗಡಿಗಳ ಲೆಕ್ಕ ಬೇರೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂದಿತು. 2017ರ ಮಾರ್ಚ್ 31ರಂದು, 20,000 ಮತ್ತು ಅದಕ್ಕಿಂತ ಕಡಿಮೆ ಜನಸಂಖ್ಯೆಯ ಕಡೆ ಅದನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷದ ಜುಲೈನಲ್ಲಿ ಪುರಸಭೆ, ನಗರಸಭೆ, ಪಾಲಿಕೆಗಳ ವ್ಯಾಪ್ತಿಗೆ ಇದು ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. 2018ರ ಫೆಬ್ರುವರಿಯಲ್ಲಿ, ಪಟ್ಟಣದಂತೆ ಬೆಳೆದ ಪಂಚಾಯಿತಿ ಪ್ರದೇಶಗಳ ವಿಚಾರವನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಹಳ್ಳಿಯ ಹೆದ್ದಾರಿಯ ಪಕ್ಕದ ಅಂಗಡಿಯಾದರೆ ಈ ಅಂಶವನ್ನು ಖಂಡಿತ ಎತ್ತಿ. ಪಟ್ಟಣದೊಳಗಾದರೆ ಇದರ ಮೇಲೆ ಸಮಯ ಕಳೆಯಬೇಡಿ.

ಹಂತ 5: ಕಟ್ಟಡದ ಕಾಗದ ನೋಡಿ

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಆ ಆಸ್ತಿಯ ಖಾತೆ ಮತ್ತು ಕಟ್ಟಡ ಅನುಮತಿಯ ಪ್ರತಿ ಪಡೆಯಿರಿ. ವಾಸದ ಮನೆ ಎಂದು ಅನುಮತಿ ಪಡೆದ ಕಟ್ಟಡದಲ್ಲಿ ವ್ಯಾಪಾರ ಹೇಗೆ? ಊರ ಹೊರಗಿನ ಹೊಲದಲ್ಲಿ ಶೆಡ್ಡು ಎಬ್ಬಿಸಿದ್ದರೆ, ಭೂ ಕಂದಾಯ ಕಾಯ್ದೆ 1964ರ 95ನೆಯ ಕಲಮಿನಡಿ ಭೂಪರಿವರ್ತನೆ ಆಗಿದೆಯೇ? ಪಹಣಿ ತೆಗೆದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹಂತ 6: ಗ್ರಾಮಸಭೆಯ ಠರಾವು

ಠರಾವಿನಿಂದ ಅಂಗಡಿ ನಿಲ್ಲುವುದಿಲ್ಲ ಎಂದೆ. ಆದರೂ ಮಾಡಿಸಿ, ಸರಿಯಾಗಿ ಮಾಡಿಸಿ. ಕೋರಂ ಇತ್ತು ಎಂಬುದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು, ಹಾಜರಾದ ಮಹಿಳೆಯರ ಸಹಿ ಇರಬೇಕು. 'ಮದ್ಯದಂಗಡಿ ಬೇಡ' ಎಂಬ ಒಂದು ಸಾಲಿನ ಠರಾವು ಯಾರ ಮೇಲೂ ಪರಿಣಾಮ ಬೀರದು. ಯಾವ ಆಸ್ತಿ, ಹತ್ತಿರದಲ್ಲಿ ಯಾವ ಸಂಸ್ಥೆಗಳು, ಮಕ್ಕಳು ಮತ್ತು ಹೆಣ್ಣುಮಕ್ಕಳು ಓಡಾಡುವ ದಾರಿ ಯಾವುದು, ಆ ಓಣಿಯಲ್ಲಿ ವಾಸಿಸುವವರು ಯಾರು, ಇಷ್ಟೂ ಬರಲಿ. ಪರಿಶಿಷ್ಟರ ವಸತಿ ಪ್ರದೇಶವಾದರೆ ಮನೆಗಳ ಸಂಖ್ಯೆಯನ್ನು ಪಂಚಾಯಿತಿಯ ದಾಖಲೆಯಿಂದಲೇ ತೆಗೆದು ನಮೂದಿಸಿ.

ಹಂತ 7: ತಕರಾರು ಅರ್ಜಿ

ಜಿಲ್ಲಾಧಿಕಾರಿಗೆ ಬರೆಯಿರಿ, ಪ್ರತಿಗಳು ಅಬಕಾರಿ ಉಪ ಆಯುಕ್ತರಿಗೆ ಮತ್ತು ಅಬಕಾರಿ ಆಯುಕ್ತರಿಗೆ. ಎರಡು ಪುಟ ಮೀರಬಾರದು. ಕುಡಿತದಿಂದ ಮನೆ ಹಾಳಾಗುತ್ತದೆ ಎಂಬುದು ಎಷ್ಟೇ ಸತ್ಯವಾದರೂ ಅದನ್ನು ಮೊದಲ ಪುಟದಲ್ಲಿ ಬರೆಯಬೇಡಿ. ಓದುವ ಅಧಿಕಾರಿಗೆ ಆದೇಶ ಬರೆಯಲು ನಿಯಮದ ಆಧಾರ ಬೇಕು, ಅದನ್ನು ಮೊದಲು ಕೈಗಿಡಿ. ನಾವು ಬರೆಯುತ್ತಿದ್ದ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ:

"ವಿಷಯ: ಇಂಥ ಗ್ರಾಮದ ಇಂಥ ಆಸ್ತಿಗೆ ಸಿಎಲ್-2 ಸನ್ನದು ಸ್ಥಳಾಂತರಿಸಬಾರದೆಂದು ತಕರಾರು. ಮಾನ್ಯರೇ, ಸದರಿ ಕಟ್ಟಡದ ಪ್ರವೇಶದ್ವಾರದಿಂದ ಸರ್ಕಾರಿ ಪ್ರೌಢಶಾಲೆಯ ಗೇಟಿಗೆ ಪಾದಚಾರಿ ದಾರಿಯಲ್ಲಿ 86 ಮೀಟರ್ ಇರುತ್ತದೆ. ಇದು 1967ರ ಸಾಮಾನ್ಯ ಷರತ್ತುಗಳ ನಿಯಮ 5ಕ್ಕೆ ವಿರುದ್ಧವಾಗಿದೆ. ಕಡತದಲ್ಲಿರುವ ವರದಿಯ ಅಳತೆ ವಾಹನ ರಸ್ತೆಯದ್ದು. ನಮ್ಮ ಸಮಕ್ಷಮ, ಮುಂಚಿತ ತಿಳಿವಳಿಕೆ ಕೊಟ್ಟು ಜಂಟಿ ಅಳತೆ ಮಾಡಿಸಬೇಕು ಮತ್ತು ನಮ್ಮನ್ನು ಆಲಿಸಿ ಕಾರಣಸಹಿತ ಆದೇಶ ಮಾಡಬೇಕೆಂದು ಕೋರುತ್ತೇವೆ. ಲಗತ್ತು: ನಕ್ಷೆ, ಫೋಟೊಗಳು, ಠರಾವಿನ ಪ್ರತಿ, ಶಾಲೆಯ ಮುಖ್ಯೋಪಾಧ್ಯಾಯರ ಪತ್ರ."

'ಜಂಟಿ ಅಳತೆ' ಮತ್ತು 'ಕಾರಣಸಹಿತ ಆದೇಶ' ಎಂಬ ಎರಡು ಕೋರಿಕೆಗಳನ್ನು ಬಿಡಬೇಡಿ. ಮುಂದೆ ಮೇಲ್ಮನವಿ ಹೋಗಬೇಕಾಗಿ ಬಂದರೆ ನಿಮ್ಮ ವಾದ ನಿಲ್ಲುವುದು ಅವುಗಳ ಮೇಲೆಯೇ. ನೂರಾರು ಸಹಿ ಸಂಗ್ರಹಿಸುವುದು ಒಳ್ಳೆಯದು, ಆದರೆ ಹೆಬ್ಬೆಟ್ಟು ಒತ್ತಿದವರ ಹೆಸರು ಪಕ್ಕದಲ್ಲಿ ಸ್ಪಷ್ಟವಾಗಿ ಇರಲಿ. ಒಂದೇ ಕೈಬರಹದ ಇಪ್ಪತ್ತು ಸಹಿಗಳು ಉಳಿದ ಇನ್ನೂರನ್ನೂ ಕೆಡಿಸುತ್ತವೆ.

ಹಂತ 8: ಆದೇಶ ನಿಮ್ಮ ವಿರುದ್ಧ ಬಂದರೆ

ಕಾಯ್ದೆಯ 61ನೆಯ ಕಲಮಿನಡಿ ಜಿಲ್ಲಾ ಮಟ್ಟದ ಆದೇಶದ ಮೇಲೆ ಅಬಕಾರಿ ಆಯುಕ್ತರಿಗೆ, ಅಲ್ಲಿಂದ ಮುಂದೆ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ನಿಯಮ ಕಣ್ಣಿಗೆ ಕಾಣುವಂತೆ ಮುರಿದಿದ್ದರೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿಯ ದಾರಿ ಇದೆ. ಉತ್ತರ ಕರ್ನಾಟಕದವರು ಬೆಂಗಳೂರಿಗೆ ಹೋಗಬೇಕಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಆದೇಶದ ಪ್ರತಿ ಸಿಕ್ಕ ದಿನವೇ ವಕೀಲರನ್ನು ಕಾಣಿ. ಈ ಹಂತದಲ್ಲಿ ಸ್ವಂತ ಬುದ್ಧಿ ಸಾಲದು.

ಹಂತ 9: ಅಂಗಡಿ ತೆರೆದ ಮೇಲೆ ಷರತ್ತುಗಳ ಮೇಲೆ ಕಣ್ಣಿಡಿ

ಸಿಎಲ್-2 ಮತ್ತು ಸಿಎಲ್-9 ಬೆಳಿಗ್ಗೆ 10ಕ್ಕೆ ಮೊದಲು ಮಾರುವಂತಿಲ್ಲ. ಕೂಲಿಗೆ ಹೋಗುವವರು ಆರು ಗಂಟೆಗೇ ಕಿಂಡಿಯ ಮುಂದೆ ನಿಂತಿದ್ದರೆ ಮೊಬೈಲಿನಲ್ಲಿ ಸಮಯ ಕಾಣುವಂತೆ ವಿಡಿಯೊ ಮಾಡಿ. ಮುಖಗಳು ಬೇಡ, ಅಂಗಡಿಯ ಫಲಕ ಕಾಣಲಿ. ಸಾಮಾನ್ಯ ಷರತ್ತುಗಳ ಪ್ರಕಾರ 21 ವರ್ಷದ ಒಳಗಿನವರಿಗೆ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ಸರ್ಕಾರ ಜನರ ವಿರೋಧದಿಂದ ಕೈಬಿಟ್ಟಿತು. ಎಂಆರ್‌ಪಿ ಅಂಗಡಿಯ ಬದಿಯಲ್ಲಿ ಲೋಟ, ನೀರು, ಕಡಲೆ ಇಟ್ಟು ಕುಡಿಸುವುದು ಸನ್ನದಿನ ಷರತ್ತಿಗೆ ವಿರುದ್ಧ. ಪದೇ ಪದೇ ಹೀಗಾದರೆ 29ನೆಯ ಕಲಮಿನಡಿ ಸನ್ನದನ್ನು ಅಮಾನತಿನಲ್ಲಿಡುವ, ರದ್ದುಪಡಿಸುವ ಅಧಿಕಾರ ಇಲಾಖೆಗಿದೆ.

ಹಳ್ಳಿಗಳನ್ನು ನಿಜಕ್ಕೂ ತಿನ್ನುತ್ತಿರುವುದು ಸನ್ನದಿಲ್ಲದ ಮಾರಾಟ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ 90 ಎಂಎಲ್‌ನ ಕಾಗದದ ಪೊಟ್ಟಣ ಬಂತು. ಕಿರಾಣಿ ಅಂಗಡಿಯ ಬೆಲ್ಲದ ಡಬ್ಬಿಯ ಹಿಂದೆ, ಗೂಡಂಗಡಿಯ ಸೋಪಿನ ಪೆಟ್ಟಿಗೆಯೊಳಗೆ ಅದು ಇರುತ್ತದೆ. ಖಾಲಿ ಪೊಟ್ಟಣಗಳನ್ನು ಎಸೆಯಬೇಡಿ. ಅವುಗಳ ಮೇಲೆ ಬ್ಯಾಚ್ ಸಂಖ್ಯೆ ಇರುತ್ತದೆ. 2003ರಿಂದ ರಾಜ್ಯದಲ್ಲಿ ಸಗಟು ಮದ್ಯವೆಲ್ಲ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ಹೋಗುವುದರಿಂದ, ಆ ಮಾಲು ಯಾವ ಸನ್ನದುದಾರರ ಕಡೆಗೆ ಹೋಗಿತ್ತು ಎಂದು ಹುಡುಕಿ ಎಂದು ಇಲಾಖೆಯನ್ನು ಕೇಳಲು ನಿಮಗೆ ಆಧಾರ ಸಿಗುತ್ತದೆ. ಪೊಲೀಸ್ ಠಾಣೆ ಮತ್ತು ಅಬಕಾರಿ ನಿರೀಕ್ಷಕರು, ಇಬ್ಬರಿಗೂ ಲಿಖಿತ ದೂರು ಕೊಡಿ. ಇಂಥ ಪ್ರಕರಣಗಳು 32 ಮತ್ತು 34ನೆಯ ಕಲಮಿನಡಿ, ಗೂಡಂಗಡಿಯ ಮುಂದೆ ಕೂರಿಸಿ ಕುಡಿಸಿದ್ದಾದರೆ 15(ಎ) ಮತ್ತು 32(3)ರಡಿ ದಾಖಲಾಗುತ್ತವೆ. ಆ ಗಳಿಗೆಯಲ್ಲಿ ಗಲಾಟೆ ಇದ್ದರೆ 112. ದೂರು ಕೊಟ್ಟೂ ಏನೂ ಆಗದಿದ್ದರೆ ಸರ್ಕಾರದ ಕುಂದುಕೊರತೆ ಸಹಾಯವಾಣಿಯಾದ ಜನಸ್ಪಂದನದ 1902ರಲ್ಲಿ ದಾಖಲಿಸಿ, ಅಲ್ಲಿ ಸಿಗುವ ಸಂಖ್ಯೆಯನ್ನು ಮುಂದಿನ ಪತ್ರಗಳಲ್ಲೆಲ್ಲ ಬರೆಯುತ್ತ ಹೋಗಿ.

ಸ್ಥಳೀಯ ಅಧಿಕಾರಿಗಳನ್ನು ಶತ್ರುಗಳಂತೆ ನೋಡಬೇಡಿ ಎಂದೂ ಹೇಳುತ್ತೇನೆ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟ ಸರ್ಕಾರದ ಕೆಳಗೆ ಅವರು ಕೆಲಸ ಮಾಡುತ್ತಾರೆ. ನಿಮ್ಮ ಕಾಗದ ಗಟ್ಟಿಯಾಗಿದ್ದರೆ ನಿಷ್ಠಾವಂತ ನಿರೀಕ್ಷಕರಿಗೂ ಅದೇ ಬಲ.

ಹಂತ 10: ಜೂನ್ ತಿಂಗಳನ್ನು ಮರೆಯಬೇಡಿ

ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30. ಪ್ರತಿ ಸನ್ನದೂ ಆಗ ನವೀಕರಣವಾಗಬೇಕು. ಈಗಾಗಲೇ ಇರುವ ಅಂಗಡಿಯ ವಿರುದ್ಧ ಹೋರಾಡುವವರಿಗೆ ವರ್ಷದಲ್ಲಿ ಒಳ್ಳೆಯ ಕಾಲ ಇದೇ. ಏಪ್ರಿಲ್‌ನಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿ, ಆ ಅಂಗಡಿಯ ಮೇಲೆ ಹಿಂದಿನ ಹನ್ನೆರಡು ತಿಂಗಳಲ್ಲಿ ದಾಖಲಾದ ಪ್ರಕರಣ, ಕೊಟ್ಟ ನೋಟಿಸು, ಕಟ್ಟಿಸಿಕೊಂಡ ದಂಡದ ವಿವರ ಕೇಳಿ. ಮೇ ಕೊನೆಗೆ ಉತ್ತರ ಕೈಗೆ ಬರುತ್ತದೆ. ಅದನ್ನೂ, ವರ್ಷವಿಡೀ ಕೂಡಿಟ್ಟ ದೂರುಗಳ ಸ್ವೀಕೃತಿ ಪ್ರತಿಗಳನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ, ಜೂನ್ ಮೊದಲ ವಾರದಲ್ಲೇ ನವೀಕರಣಕ್ಕೆ ಆಕ್ಷೇಪಣೆ ಸಲ್ಲಿಸಿ. ಜೂನ್ 25ರ ನಂತರ ಕೊಟ್ಟರೆ ಕಚೇರಿಯಲ್ಲಿ ನವೀಕರಣದ ನೂಕುನುಗ್ಗಲು, ನಿಮ್ಮ ಕಾಗದ ಬಿಚ್ಚುವವರೂ ಇರುವುದಿಲ್ಲ.